ಮಿಕ್ಕ ಮಾತ್ರೆ, ಸಾಕಿದ ನಾಯಿ

ಸಾಕಿದ ನಾಯಿಗೆ ಭೇದಿಯಾದಾಗ ಮನೆಯಲ್ಲಿ ಮಿಕ್ಕಿದ್ದ ಆಂಟಿಬಯೋಟಿಕ್ ಮಾತ್ರೆಯನ್ನು ಅನ್ನದ ಉಂಡೆಯಲ್ಲಿಟ್ಟು ತಿನ್ನಿಸುವುದು, ಇಲ್ಲವೇ ಮೆಡಿಕಲ್ ಶಾಪಿನಲ್ಲಿ ಕೇಳಿ ಎರಡು ಮೆಟ್ರೊನಿಡಜೋಲ್ ತರುವುದು ನಮ್ಮ ನಾಡಿನ ರೂಢಿ. ಬೇಲೂರು ಸೀಮೆಯೂ ಇದಕ್ಕೆ ಹೊರತಲ್ಲ. ಅಕ್ಕರೆಯಿಂದ ಮಾಡುವ ಕೆಲಸವೇ ಆದರೂ ಚಿಕಿತ್ಸೆಯೆಂದು ಒರೆಗೆ ಹಚ್ಚಿದರೆ ಇದು ನಿಲ್ಲುವುದಿಲ್ಲ. ಮರಿಗಳನ್ನು ಕೊಲ್ಲುವ ಪಾರ್ವೊ ರೋಗಕ್ಕೆ ಕಾರಣ ವೈರಸ್. ಆಂಟಿಬಯೋಟಿಕ್ ಅದನ್ನು ಮುಟ್ಟಲಾರದು. ತೀವ್ರವಲ್ಲದ ಭೇದಿಗೆ ನಾಯಿಗಳಿಗೆ ಆಂಟಿಬಯೋಟಿಕ್ ಕೊಡಬೇಡಿ ಎಂದು ಯುರೋಪಿನ ಪಶುವೈದ್ಯ ತಜ್ಞರು 2024ರ ಮಾರ್ಗಸೂಚಿಯಲ್ಲಿ ಖಚಿತವಾಗಿಯೇ ಹೇಳಿದ್ದಾರೆ.

ಬೇಕಿಲ್ಲದ ಮಾತ್ರೆ ಸುಮ್ಮನೆ ಕರಗಿ ಹೋಗುವುದೂ ಇಲ್ಲ. ಕರುಳಿನಲ್ಲಿರುವ ದುರ್ಬಲ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧಿಗೆ ಜಗ್ಗದವು ಉಳಿದು ಆ ಜಾಗವನ್ನೆಲ್ಲ ತುಂಬುತ್ತವೆ. ಪ್ರತಿರೋಧದ ಜೀನ್‌ಗಳು ಹಲವು ಸಲ ಪ್ಲಾಸ್ಮಿಡ್ ಎಂಬ ಡಿಎನ್‌ಎ ತುಣುಕಿನಲ್ಲಿ ಇರುವುದರಿಂದ ಒಂದು ಬ್ಯಾಕ್ಟೀರಿಯಾದಿಂದ ಬೇರೆ ಜಾತಿಯದಕ್ಕೂ ದಾಟಬಲ್ಲವು. ನಾಯಿ ನೆಕ್ಕಿದ ಕೈ, ಅಂಗಳದ ಮಲ, ಹಸಿ ಮಾಂಸ ಹಾಕಿದ ತಟ್ಟೆ, ಇಷ್ಟು ಸಾಕು ಅವು ಮನೆಯವರನ್ನು ಮುಟ್ಟುವ ದಾರಿಗೆ. ಲಿಸ್ಬನ್ ವಿಶ್ವವಿದ್ಯಾಲಯದ ಸಂಶೋಧಕರು ಪೋರ್ಚುಗಲ್ ಮತ್ತು ಬ್ರಿಟನ್ನಿನ ಮನೆಗಳಲ್ಲಿ ಸಾಕುಪ್ರಾಣಿ ಮತ್ತು ಮನೆಯವರ ಮಲವನ್ನು ಪರೀಕ್ಷಿಸಿದಾಗ, ಕೆಲವು ಮನೆಗಳಲ್ಲಿ ಇಬ್ಬರ ಕರುಳಿನಲ್ಲೂ ಒಂದೇ ಬಗೆಯ ಪ್ರತಿರೋಧ ಕಂಡಿತು. ಕೆಲವೇ ಮನೆಗಳಲ್ಲಿ ಎಂಬುದನ್ನು ಒತ್ತಿ ಹೇಳಬೇಕು. ನಾಯಿಯಿಂದ ಮನುಷ್ಯನಿಗೆ ಬಂತೋ, ಮನುಷ್ಯನಿಂದ ನಾಯಿಗೆ ಹೋಯಿತೋ ಎಂಬುದೂ ಇಂಥ ಅಧ್ಯಯನಗಳಲ್ಲಿ ಸುಲಭಕ್ಕೆ ತೀರ್ಮಾನವಾಗುವುದಿಲ್ಲ. ಹಾಗಿದ್ದಮೇಲೆ ನಾಯಿಯನ್ನು ದೂರುವುದೇಕೆ ಎಂದು ಕೇಳಬಹುದು. ದೂರಲೇಬಾರದು. ನಾಯಿಯನ್ನು ಮನೆಯಿಂದ ಹೊರಗಟ್ಟುವವರಿಗೆ ಈ ಸಾಕ್ಷ್ಯದಲ್ಲಿ ಯಾವ ಆಧಾರವೂ ಇಲ್ಲ. ಎರಡು ಕಡೆಗೂ ದಾರಿ ತೆರೆದಿದೆ ಎಂದರೆ ಯಜಮಾನ ತಾನು ನುಂಗುವ ಅನಗತ್ಯ ಮಾತ್ರೆಗೂ ಲೆಕ್ಕ ಕೊಡಬೇಕು ಎಂದರ್ಥ.

ಬೇಲೂರಿನಂಥ ಹೈನುಗಾರಿಕೆಯ ತಾಲ್ಲೂಕಿನಲ್ಲಿ ಇನ್ನೊಂದು ದಾರಿಯಿದೆ, ಅದರ ಬಗ್ಗೆ ಮಾತೇ ಕಡಿಮೆ. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕುವಂತಿಲ್ಲ. ಚೆಲ್ಲಲು ಮನಸ್ಸು ಬಾರದ ಆ ಹಾಲು ಕರುವಿನ ಬಾಯಿಗೋ ನಾಯಿಯ ತಟ್ಟೆಗೋ ಹೋಗುವುದು ಸಹಜ. ಔಷಧಿಯ ಅಂಶವಿರುವ ಹಾಲು ಕುಡಿದ ಕರುಗಳ ಸಗಣಿಯಲ್ಲಿ ಪ್ರತಿರೋಧಿ ಬ್ಯಾಕ್ಟೀರಿಯಾ ಹೆಚ್ಚುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ತೀರ್ಮಾನಿಸಿದೆ. ನಾಯಿಯ ಕರುಳಿಗೆ ಮಾತ್ರ ಬೇರೆ ನ್ಯಾಯ ಇದ್ದೀತೆಂದು ನಂಬಲು ಕಾರಣ ಕಾಣದು.

ಡಾಕ್ಟರು ದೂರ, ಖರ್ಚು ಜಾಸ್ತಿ, ಹಳ್ಳಿಯವರು ಮತ್ತೇನು ಮಾಡಬೇಕು ಎಂಬ ಆಕ್ಷೇಪಕ್ಕೆ ತೂಕವಿದೆ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವ ಏರ್ಪಾಡು ಇದೆಯೆಂಬುದು ಅರ್ಧ ಉತ್ತರ ಮಾತ್ರ. ಉಳಿದರ್ಧ ಕಾನೂನಿನಲ್ಲಿದೆ. ದೇಶದ ಔಷಧಿ ನಿಯಮಗಳಲ್ಲಿ 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧಿಗಳನ್ನು ಮಾರಿದರೆ ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಾಡಬೇಕು. ಆದರೆ ಮನೆಮನೆಯಲ್ಲೂ ಸಿಗುವ ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಆ ಪಟ್ಟಿಯಲ್ಲಿಲ್ಲ. ಅವಕ್ಕೆ ಚೀಟಿ ಬೇಕು, ಆ ಬೇರೆ ರಿಜಿಸ್ಟರು ಬೇಕಿಲ್ಲ. ಆ ರಿಜಿಸ್ಟರಿಲ್ಲದ ಕಡೆ ಚೀಟಿಯನ್ನು ಕೇಳುವವರು ಯಾರು? ನಾಯಿಯ ಹೊಟ್ಟೆ ಸೇರುವ ಮಾತ್ರೆ ಸರ್ಕಾರದ ಯಾವ ಲೆಕ್ಕಕ್ಕೂ ಸಿಗದಿರುವುದು ಹೀಗೆ.

ಲಿಸ್ಬನ್ನಿನವರ ಅಧ್ಯಯನಕ್ಕೂ ಒಂದು ಮಿತಿ ಇದೆ. ಅದು ನೋಡಿದ್ದು ನಾಯಿ, ಬೆಕ್ಕು ಮತ್ತು ಯಜಮಾನರನ್ನು. ಕೊಟ್ಟಿಗೆಗೂ ಅಡುಗೆಮನೆಗೂ ಒಂದೇ ಅಂಗಳವಿರುವ ಮನೆಗಳನ್ನಲ್ಲ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಬೇಲೂರು ಅಲ್ಲಿಂದ ಸುಮಾರು 40 ಕಿಲೋಮೀಟರು. ಅಲ್ಲಿನವರು ಇಂಥ ಅಧ್ಯಯನಕ್ಕೆ ಕೈಹಾಕುವುದಾದರೆ ಒಂದೇ ಮನೆಯ ಮನುಷ್ಯ, ನಾಯಿ, ಹಸು ಮೂವರಿಂದಲೂ ಒಂದೇ ದಿನ ಮಾದರಿ ತೆಗೆಯಬೇಕು, ಕೆಲವು ತಿಂಗಳ ನಂತರ ಮತ್ತೆ ಹೋಗಿ ತೆಗೆಯಬೇಕು.