ಲೆಕ್ಕಕ್ಕೆ ಸಿಗದ ಗಂಡಸರು

ಎಚ್‌ಐವಿ ತಡೆಗೆ ಕರ್ನಾಟಕ ಕಟ್ಟಿಕೊಂಡ ವ್ಯವಸ್ಥೆ ಸಣ್ಣದೇನಲ್ಲ. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಕಾರ್ಯಕ್ರಮ ಶುರುವಾದ ಮೇಲೆ ಗಂಡಸರನ್ನು ಬಯಸುವ ಗಂಡಸರ ಸಮುದಾಯದವರೇ ಪೀರ್‌ಗಳಾಗಿ ಪಾರ್ಕು, ಬಸ್‌ಸ್ಟ್ಯಾಂಡು ಅಲೆದು ತಮ್ಮಂಥವರನ್ನು ಹುಡುಕಿದರು, ಕಾಂಡೋಮ್ ಕೊಟ್ಟರು, ರಕ್ತಪರೀಕ್ಷೆಗೆ ಜೊತೆಯಲ್ಲಿ ಕರೆದೊಯ್ದರು. ಅವಮಾನ ನುಂಗಿಕೊಂಡು ಮಾಡಿದ ಆ ಕೆಲಸದ ಬಗ್ಗೆ ನನಗೆ ಗೌರವವಿದೆ.

ಆದರೆ ಅದು ದೊಡ್ಡ ಊರಿನ ಮಾದರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ಬಂದರೆ ಅದರ ಕೈ ಸೋಲುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಅಪ್ಪನ ಪರಿಚಯದವರು ಸಿಗುವ ಊರುಗಳಿವು. ಭೇಟಿ ನಿಗದಿಯಾಗುವುದು ಮೊಬೈಲಿನಲ್ಲಿ, ನಡೆಯುವುದು ದಾವಣಗೆರೆಯಲ್ಲೋ ಶಿವಮೊಗ್ಗದಲ್ಲೋ. ಎಚ್‌ಐವಿ ತಡೆ ಯೋಜನೆ ಗುರುತಿಸುವುದು ಹೆಚ್ಚಾಗಿ ಸಮುದಾಯದ ಮಾತಿನಲ್ಲಿ ತಮ್ಮನ್ನು ‘ಕೋತಿ’, ‘ಡಬಲ್ ಡೆಕ್ಕರ್’ ಎಂದು ಹೇಳಿಕೊಳ್ಳುವವರನ್ನು. ಹೆಂಡತಿ ಮಕ್ಕಳೊಂದಿಗಿದ್ದು, ಗಂಡಸರನ್ನೂ ಬಯಸುವವನು ತನಗೆ ಯಾವ ಹೆಸರನ್ನೂ ಇಟ್ಟುಕೊಂಡಿರುವುದಿಲ್ಲ.

2017ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಗಂಡಸರೊಡನೆ ಲೈಂಗಿಕ ಸಂಬಂಧವಿರುವ ಗಂಡಸರಲ್ಲಿ ಸೋಂಕು ಶೇ 2.69, ಅದೇ ವರ್ಷದ ಅಂದಾಜಿನಂತೆ ದೇಶದ ವಯಸ್ಕರಲ್ಲಿ ಸುಮಾರು ಶೇ 0.22. ಆ 2.69 ಕೂಡ ಯೋಜನೆಯ ಸಂಪರ್ಕದಲ್ಲಿದ್ದವರ ಲೆಕ್ಕ. ಉಳಿದವರ ಸುದ್ದಿ ಹಲವು ಸಲ ಹೆಂಡತಿಯಿಂದ ಹೊರಬೀಳುತ್ತದೆ. ಬಸುರಿಯಾದಾಗ ಎಲ್ಲರಿಗೂ ಮಾಡುವ ಪರೀಕ್ಷೆಯಲ್ಲಿ ಅವಳದು ಮೊದಲು ಗೊತ್ತಾಗುತ್ತದೆ, ಮಾತೂ ಮೊದಲು ಅವಳಿಗೇ ಅಂಟುತ್ತದೆ.

ಜಾಗೃತಿಯ ಭಾಷೆಯನ್ನೂ ನೋಡಬೇಕು. ಗೋಡೆಬರಹ, ಜಾಥಾ, ಬೀದಿನಾಟಕ ಎಲ್ಲದರಲ್ಲೂ ಗಂಡ, ಹೆಂಡತಿ, ಮಗು. ‘ಅಸುರಕ್ಷಿತ ಲೈಂಗಿಕ ಸಂಪರ್ಕ’ ಎಂದು ಹೇಳಿ ಮುಗಿಸುತ್ತಾರೆ. ಗುದ ಸಂಭೋಗದಲ್ಲಿ ಅಪಾಯ ಹಲವು ಪಟ್ಟು ಹೆಚ್ಚು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜಾರಿಕೆಗೆಂದು ಮನೆಯಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಅದನ್ನು ಹಚ್ಚಿದರೆ ಲೇಟೆಕ್ಸ್ ಕಾಂಡೋಮ್ ಬಲಗೆಟ್ಟು ಹರಿಯುತ್ತದೆ, ನೀರಿನಂಶದ ಲ್ಯೂಬ್ ಬೇಕು. ಇಷ್ಟು ಸರಳ ಮಾತನ್ನು ನಾಚಿಕೆಗೆ ಬಲಿಕೊಟ್ಟಿದ್ದೇವೆ. ಸೋಂಕಿರುವವರು ದಿನಾ ಎಚ್‌ಐವಿ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ. ಕಳಂಕವನ್ನು ಇದಕ್ಕಿಂತ ಚೆನ್ನಾಗಿ ಕರಗಿಸುವ ಮಾತು ನನಗೆ ಗೊತ್ತಿಲ್ಲ. ಅದನ್ನು ನಾನು ಯಾವ ಗೋಡೆಯ ಮೇಲೂ ಓದಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಸೆಕ್ಷನ್ 377ರ ಹಿಡಿತದಿಂದ ಬಿಡಿಸಿತು. ನಾಲ್ಕೇ ದಿನಕ್ಕೆ 2017ರ ಎಚ್‌ಐವಿ ಕಾಯ್ದೆ ಜಾರಿಗೆ ಬಂತು: ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಸೋಂಕಿನ ವಿಷಯ ಬಯಲು ಮಾಡಬಾರದು, ಕೆಲಸದಲ್ಲಾಗಲಿ ಚಿಕಿತ್ಸೆಯಲ್ಲಾಗಲಿ ಭೇದ ಮಾಡಬಾರದು. ಆದರೆ ಐಸಿಟಿಸಿ ಎಂಬ ಬೋರ್ಡು ನೇತಾಡುವ ಎಚ್‌ಐವಿ ಪರೀಕ್ಷೆಯ ಕೋಣೆಯ ಮುಂದೆ ಬೆಂಚಿನ ಮೇಲೆ ಕೂತವನಿಗೆ ಸೆಕ್ಷನ್‌ಗಿಂತ ಎದುರು ಬರುವ ಪಕ್ಕದ ಮನೆಯವರ ಕಣ್ಣು ದೊಡ್ಡದು. ಅದಕ್ಕೇ ನ್ಯಾಮತಿಯವನು ಶಿವಮೊಗ್ಗದ ಬಸ್ಸು ಹತ್ತುತ್ತಾನೆ, ಇಲ್ಲವೇ ಪರೀಕ್ಷೆಯನ್ನೇ ಮುಂದೂಡುತ್ತಾನೆ.

ಆ ಬೋರ್ಡನ್ನು ತೆಗೆದು ಸಕ್ಕರೆ ಕಾಯಿಲೆ, ಬಿಪಿ ನೋಡುವ ಕಡೆಯೇ ಈ ಪರೀಕ್ಷೆಯನ್ನೂ ಮಾಡಲಿ. ಪೀರ್‌ಗಳ ಕೆಲಸವನ್ನು ಪಾರ್ಕಿನ ಹಾಜರಾತಿಯಿಂದ ಅಳೆಯದೆ, ಫೋನಿನಲ್ಲಿ ಮಾತಾಡಿದ್ದಕ್ಕೂ ಸಂಬಳ ಕೊಡಲಿ. ಆಪ್ತ ಸಮಾಲೋಚಕರು ‘ಮದುವೆ ಆಗಿದೆಯಾ?’ ಎಂದು ಕೇಳಿ ಪೆನ್ನು ಕೆಳಗಿಡದೆ, ‘ಸಂಗಾತಿ ಹೆಂಗಸರಾ, ಗಂಡಸರಾ, ಇಬ್ಬರೂನಾ?’ ಎಂದು ಜ್ವರ ವಿಚಾರಿಸುವ ದನಿಯಲ್ಲೇ ಕೇಳುವುದನ್ನು ಕಲಿಯಲಿ.