ಮಣ್ಣಿನ ಮನೆಯ ಪರಂಪರೆ: ಗುತ್ತಲಿನ ನೆಲೆಯಿಂದ ಒಂದು ವಿಮರ್ಶೆ

ಮಂಡ್ಯ ನಗರದೊಳಗೆ ಬೆರೆತುಹೋಗಿರುವ ಗುತ್ತಲಿನ ಹಳಮೆಯನ್ನು ಕೇಳಿದವರಿಗೆ ನಾವು ತೋರಿಸುವುದು ಅರ್ಕೇಶ್ವರನ ಗುಡಿಯನ್ನು. ಆ ದೇವರಿಗೆ ನಡೆದುಕೊಂಡ ಮೊದಲ ಒಕ್ಕಲುಗಳು ಬಾಳಿದ ಮನೆ ಎಂಥದು ಎಂಬ ಪ್ರಶ್ನೆ ನಮ್ಮ ಸಂಶೋಧನೆಯಲ್ಲಿ ವಿರಳ. ಕನ್ನಡದಲ್ಲಿ 'ಒಕ್ಕಲು' ಎಂದರೆ ಬೇಸಾಯಗಾರನೂ ಹೌದು, ಕುಟುಂಬವೂ ಹೌದು. ಹೊಸ ಮನೆ ಹೊಗುವುದೂ 'ಒಕ್ಕಲಾಗುವುದೇ'. ನೆಲೆಸುವುದನ್ನೂ ಮನೆಯನ್ನೂ ಭಾಷೆ ಬೇರ್ಪಡಿಸಿಲ್ಲ, ಬೇರ್ಪಡಿಸಿದವರು ನಾವು.

ಮಣ್ಣಿನ ಗೋಡೆ ಒಂದು ಶಾಸ್ತ್ರ. ನೆನೆಹಾಕಿ ತುಳಿದು ಹದಗೊಳಿಸಿದ ಮಣ್ಣನ್ನು ವರಸೆಯಾಗಿ ಇಟ್ಟು, ಅದು ಒಣಗಿದ ಬಳಿಕವೇ ಮೇಲಿನ ವರಸೆಯನ್ನು ಏರಿಸಬೇಕು. ಹಸಿ ಗೋಡೆ ಭಾರ ತಾಳದು. ಮುಂಚಾಚಿದ ಸೂರು ಮಳೆಯನ್ನು ದೂರವಿಡುತ್ತದೆ, ಜಗಲಿ ಗೋಡೆಯ ಬುಡವನ್ನು ಕಾಯುತ್ತದೆ. ಹಬ್ಬ ಬಂದಾಗಲೆಲ್ಲ ಹೆಂಗಸರು ಸಗಣಿ, ಕೆಮ್ಮಣ್ಣುಗಳಿಂದ ಸಾರಿಸುವುದು ಅಲಂಕಾರವೂ ಹೌದು, ದುರಸ್ತಿಯೂ ಹೌದು.

1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಾಮಗಾರಿ, ಅದರ ನಾಲೆ, 1933ರಲ್ಲಿ ಸ್ಥಾಪನೆಗೊಂಡ ಮೈಸೂರು ಸಕ್ಕರೆ ಕಂಪನಿ, 1939ರ ಜಿಲ್ಲಾ ರಚನೆ ಇವು ಈ ಸೀಮೆಯ ಬದುಕನ್ನು ಬದಲಿಸಿದವು. ಕಬ್ಬಿನ ಸೋಗೆ ಗುಡಿಸಲುಗಳ ಹೊದಿಕೆಯಾಯಿತು. ಮುಂದೆ ಸಿಮೆಂಟು ಬಂದಿತು. ಹಳೆಯ ಮಣ್ಣುಗೋಡೆಗೆ ಸಿಮೆಂಟಿನ ಗಾರೆ ಬಳಿದಲ್ಲಿ ಒಳಗಿನ ತೇವ ಹೊರಹೋಗದೆ ಗೋಡೆ ಒಳಗೇ ಸಡಿಲಗೊಳ್ಳುತ್ತದೆ. ಉಳಿಸುವ ಉದ್ದೇಶವೇ ಅಳಿಸುವ ಕೆಲಸವಾಗುವ ವಿಪರ್ಯಾಸವಿದು.

1958ರ ಕೇಂದ್ರ ಕಾಯ್ದೆಯು ಸ್ಮಾರಕಕ್ಕೆ ಕನಿಷ್ಠ 100 ವರ್ಷಗಳ ಅಸ್ತಿತ್ವವನ್ನು ಕೇಳುತ್ತದೆ. ವರ್ಷವರ್ಷವೂ ಹೊಸದಾಗುವ ಗೋಡೆಯ ವಯಸ್ಸನ್ನು ಎಲ್ಲಿಂದ ಎಣಿಸುವುದು? ಅದರ ಪ್ರಾಚೀನತೆ ಇರುವುದು ಮಣ್ಣಿನಲ್ಲಲ್ಲ, ಮತ್ತೆ ಮತ್ತೆ ಸಾರಿಸುವ ಕೈಯಲ್ಲಿ. ಜಾನಪದ ಅಧ್ಯಯನವೂ ಇಲ್ಲಿ ದೋಷಮುಕ್ತವಲ್ಲ. ಬೀಸುವ ಪದಗಳನ್ನು ಸಂಗ್ರಹಿಸಿದೆವು, ಎಚ್.ಎಲ್. ನಾಗೇಗೌಡರ ಜಾನಪದ ಲೋಕದಂತಹ ಶ್ರಮದಿಂದ ವಸ್ತುಗಳೂ ಉಳಿದವು. ಆದರೆ ಬೀಸುವ ಕಲ್ಲಿನ ಹಿಂದಿದ್ದ ಗೋಡೆಯ ಹದವನ್ನು ಕೇಳಿ ಬರೆದುಕೊಂಡವರು ಎಷ್ಟು ಮಂದಿ? ಮಣ್ಣನ್ನು ಗಂಭೀರ ವಿಷಯವಾಗಿ ಕೈಗೆತ್ತಿಕೊಂಡದ್ದು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ, ಅವರು ಎಂಜಿನಿಯರುಗಳು.

ಹಾಗೆಂದು ಮಣ್ಣಿನ ಮನೆಯನ್ನು ವೈಭವೀಕರಿಸುವುದು ಸಲ್ಲದು. ಸೋರುವ ಮಾಡು, ಹೆಂಗಸರ ಬಿಡುವಿಲ್ಲದ ದುಡಿಮೆ ಆ ಪರಂಪರೆಯ ಭಾಗಗಳೇ. ಕೂಲಿಯ ಕುಟುಂಬಕ್ಕೆ ಅದು ಆಯ್ಕೆಯಾಗಿರಲಿಲ್ಲ. ತಾರಸಿ ಬಯಸುವವರನ್ನು ಆಕ್ಷೇಪಿಸುವ ಹಕ್ಕು ಸಂಶೋಧಕನಿಗಿಲ್ಲ. ಮನೆ ಬಿದ್ದರೆ ಮತ್ತೆ ಕಟ್ಟಬಹುದು. ಹದ ಬಲ್ಲವರು ಹೇಳದೆ ಹೋದರೆ ಕಟ್ಟುವ ಬಗೆಯೇ ಹೋಗುತ್ತದೆ. ಆದ್ದರಿಂದ ಕಾಪಾಡಬೇಕಾದದ್ದು ಗೋಡೆಗಿಂತ ಮೊದಲು ಆ ತಿಳಿವಳಿಕೆಯನ್ನು.