ಕೆನಡಿಯ ಕೋಣೆಯ ಹೊರಗೆ ನಡೆದದ್ದು

ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳನ್ನು ಇಟ್ಟದ್ದರಿಂದ 1962ರಲ್ಲಿ ಹುಟ್ಟಿದ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ಕಥೆ ಬಹುಕಾಲ ಶ್ವೇತಭವನದ ಒಂದು ಕೋಣೆಯೊಳಗೇ ನಡೆಯುತ್ತಿತ್ತು. 1969ರಲ್ಲಿ ಪ್ರಕಟವಾದ, ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿಯ ‘ಥರ್ಟೀನ್ ಡೇಸ್’ ಹಾಕಿಕೊಟ್ಟ ಜಾಡು ಅದು: ಅಧ್ಯಕ್ಷ ಕೆನಡಿ ತಾಳ್ಮೆಯಿಂದ ಯೋಚಿಸುತ್ತಾರೆ, ಸೋವಿಯತ್ ನಾಯಕ ಕ್ರುಶ್ಚೇವ್ ಹಿಂದೆ ಸರಿಯುತ್ತಾರೆ, ಜಗತ್ತು ಉಳಿಯುತ್ತದೆ. 2008ರಲ್ಲಿ ಮೈಕೆಲ್ ಡಾಬ್ಸ್ ಬರೆದ ‘ಒನ್ ಮಿನಿಟ್ ಟು ಮಿಡ್‌ನೈಟ್’ ಆ ಕೋಣೆಯ ಬಾಗಿಲು ತೆರೆದು ಹಡಗು, ವಿಮಾನ, ಲಾರಿಗಳ ಬೆನ್ನು ಹತ್ತಿತು. ಇಟಲಿಯ ಹದಿನಾರನೇ ಶತಮಾನದ ಒಬ್ಬ ಗಿರಣಿಯವನ ವಿಚಾರಣೆಯ ಕಡತದಿಂದ ಇತಿಹಾಸಕಾರ ಕಾರ್ಲೊ ಗಿನ್ಸ್‌ಬರ್ಗ್ ಒಂದು ಲೋಕವನ್ನೇ ಕಟ್ಟಿದ್ದರಲ್ಲ, ಡಾಬ್ಸ್ ಬರೆದದ್ದು ಆ ಅರ್ಥದ ಸೂಕ್ಷ್ಮ ಚರಿತ್ರೆಯಲ್ಲ. ಆದರೆ ಸಣ್ಣ ದಾಖಲೆಗಳಿಂದ ದೊಡ್ಡ ಚಿತ್ರ ಕಟ್ಟುವ ಕಸುಬು ಅದೇ.

ಫಲವೇನು? 1962ರ ಅಕ್ಟೋಬರ್ 24ರಂದು ಸೋವಿಯತ್ ಹಡಗುಗಳು ಅಮೆರಿಕದ ನೌಕಾ ದಿಗ್ಬಂಧನದ ಎದುರು ಬಂದು, ಕೊನೆ ಗಳಿಗೆಯಲ್ಲಿ ತಿರುಗಿದವೆಂದು ಎಲ್ಲರೂ ನಂಬಿದ್ದರು. ಡಾಬ್ಸ್ ನೌಕಾಪಡೆಯ ದಾಖಲೆಗಳನ್ನು ಹಿಡಿದು ಹಡಗುಗಳು ನಿಜಕ್ಕೂ ಎಲ್ಲಿದ್ದವೆಂದು ಗುರುತಿಸಿದರು. ಕ್ಷಿಪಣಿ ಹೊತ್ತ ‘ಕಿಮೊವ್ಸ್ಕ್’ ಹಿಂದಿನ ದಿನವೇ ತಿರುಗಿತ್ತು. ಆ ‘ಗಳಿಗೆ’ಯಲ್ಲಿ ಅದು ಅಮೆರಿಕದ ವಿಮಾನವಾಹಕ ನೌಕೆ ‘ಎಸೆಕ್ಸ್’ನಿಂದ ಸುಮಾರು 750 ಮೈಲಿ ದೂರದಲ್ಲಿತ್ತು. ಬೆದರಿಸಿದರೆ ಎದುರಾಳಿ ಬಗ್ಗುತ್ತಾನೆ ಎಂಬ ಪಾಠಕ್ಕೆ ಆಧಾರವಾಗಿದ್ದ ದೃಶ್ಯವೇ ನಡೆದಿರಲಿಲ್ಲ. ಇದು ಸಣ್ಣ ತಿದ್ದುಪಡಿಯಲ್ಲ.

ಅಕ್ಟೋಬರ್ 27ರ ಕಥೆ ಇನ್ನೂ ದಿಗಿಲು ಹುಟ್ಟಿಸುತ್ತದೆ. ಗಾಳಿಯ ಮಾದರಿ ಸಂಗ್ರಹಿಸಲು ಉತ್ತರ ಧ್ರುವದತ್ತ ಹೊರಟ ಅಮೆರಿಕದ ಯು-2 ವಿಮಾನದ ಚಾಲಕ ಚಾರ್ಲ್ಸ್ ಮಾಲ್ಟ್ಸ್‌ಬಿ, ಧ್ರುವಪ್ರಭೆಯ ಬೆಳಕಿನಲ್ಲಿ ನಕ್ಷತ್ರಗಳ ಗುರುತು ತಪ್ಪಿ ಸೋವಿಯತ್ ನೆಲದ ಮೇಲೆ ಹಾರಿದರು. ಅದೇ ದಿನ ಕ್ಯೂಬಾದಲ್ಲಿ ಸೋವಿಯತ್ ಅಧಿಕಾರಿಗಳು ಮಾಸ್ಕೋದ ಅಪ್ಪಣೆಗೆ ಕಾಯದೆ ಇನ್ನೊಂದು ಯು-2 ಅನ್ನು ಹೊಡೆದುರುಳಿಸಿದರು; ಚಾಲಕ ರುಡಾಲ್ಫ್ ಆಂಡರ್ಸನ್ ಸತ್ತರು. ಇಬ್ಬರು ನಾಯಕರ ಚದುರಂಗದ ಕಥೆಯಲ್ಲಿ ಇಂಥ ಆಕಸ್ಮಿಕಗಳಿಗೆ ಜಾಗವೇ ಇರಲಿಲ್ಲ.

ಆದರೆ ಸಣ್ಣ ವಿವರಗಳ ಬೆನ್ನು ಹತ್ತುವ ಈ ವಿಧಾನಕ್ಕೆ ಒಂದು ಚಪಲವಿದೆ: ವೀರನೊಬ್ಬನನ್ನು ಹುಡುಕುವುದು. ಸೋವಿಯತ್ ಬಿ-59 ಜಲಾಂತರ್ಗಾಮಿಯಲ್ಲಿ ಅಣ್ವಸ್ತ್ರ ಟಾರ್ಪೆಡೊ ಹಾರಿಸಲು ನಾಯಕ ಸಾವಿಟ್ಸ್ಕಿ ಮುಂದಾದಾಗ ಅದರಲ್ಲಿದ್ದ ಅಧಿಕಾರಿ ವಸಿಲಿ ಅರ್ಖಿಪೊವ್ ತಡೆದರೆಂಬುದು ಈಗ ಜನಪ್ರಿಯ ಕಥೆ. ಅದು ಹೆಚ್ಚಾಗಿ ನಿಂತಿರುವುದು ಅದೇ ಜಲಾಂತರ್ಗಾಮಿಯಲ್ಲಿದ್ದ ವದಿಮ್ ಓರ್ಲೊವ್ ದಶಕಗಳ ನಂತರ ನುಡಿದ ನೆನಪಿನ ಮೇಲೆ. ಅರ್ಖಿಪೊವ್ ಅವರ ಸಮಚಿತ್ತವನ್ನು ಸಂಶಯಿಸಬೇಕಿಲ್ಲ. ಆದರೆ ಒಬ್ಬನೇ ಸಾಕ್ಷಿಯ ಮಾತನ್ನು ‘ಜಗತ್ತನ್ನು ಉಳಿಸಿದವ’ ಎಂಬ ತೀರ್ಪಿಗೆ ಏರಿಸಿದರೆ, ಕೆನಡಿಯ ಜಾಗದಲ್ಲಿ ಇನ್ನೊಬ್ಬ ನಾಯಕನನ್ನು ಕೂರಿಸಿದಂತಾಯಿತು, ಅಷ್ಟೆ.

ಡಾಬ್ಸ್ ಅವರ ಬಲವಿರುವುದು ದಾಖಲೆಗೆ ದಾಖಲೆ ತಾಳೆ ನೋಡುವಲ್ಲಿ. ಕೊರತೆಯೂ ಕಾಣುತ್ತದೆ: ತಮ್ಮ ಹೊಲಗಳ ಪಕ್ಕದಲ್ಲೇ ಕ್ಷಿಪಣಿ ನೆಲೆಗಳು ಏಳುವುದನ್ನು ಕಂಡ ಕ್ಯೂಬಾದ ಹಳ್ಳಿಗರು ಪುಸ್ತಕದ ಅಂಚಿನಲ್ಲೇ ಉಳಿಯುತ್ತಾರೆ. ಈ ಬಿಕ್ಕಟ್ಟನ್ನು ಸೂಕ್ಷ್ಮವಾಗಿ ಬರೆಯಹೊರಟ ಮುಂದಿನವರು ಅಲ್ಲಿಂದಲೇ ಶುರುಮಾಡಬೇಕು.